ರಸಬಾಳೆಗೆ ಬೀಜವಿಲ್ಲ, ಬದಲಾವಣೆಯೂ ಇಲ್ಲ

ದೇವನೂರು ಸೀಮೆಯ ರೈತ ಬಾಂಧವರೇ,

ನಂಜನಗೂಡು ರಸಬಾಳೆಯ ತೋಟಗಳು ಸೊರಗು ರೋಗಕ್ಕೆ ಸಿಕ್ಕಿ ಕರಗಿಹೋದುದನ್ನು ನೀವು ಬಲ್ಲಿರಿ. 2005-06ರಲ್ಲಿ ಈ ಹಣ್ಣಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಆದರೆ ಮಾನ್ಯತೆ ರೋಗವನ್ನು ತಡೆಯಲಾರದು. ಒಂದು ಗಿಡ ಸೊರಗಿದರೆ ತೋಟವೆಲ್ಲ ಏಕೆ ಸೊರಗುತ್ತದೆ? ಉತ್ತರ ಮಣ್ಣಿನಲ್ಲಿ ಅರ್ಧ, ಗಿಡದ ಹುಟ್ಟಿನಲ್ಲಿ ಅರ್ಧ ಇದೆ.

ಮೊದಲು ರಾಗಿಯನ್ನು ನೋಡೋಣ. ಅದರ ಜೀವಕೋಶದಲ್ಲಿ 36 ವರ್ಣತಂತುಗಳು, ಅಂದರೆ 18 ಜೋಡಿ. ಪ್ರತಿ ಜೋಡಿಯಲ್ಲಿ ತಾಯಿಯದೊಂದು, ತಂದೆಯದೊಂದು. ಹೂವಿನಲ್ಲಿ ಪರಾಗ ಮತ್ತು ಅಂಡಾಣು ರೂಪುಗೊಳ್ಳುವಾಗ ಮಿಯಾಸಿಸ್ ಎಂಬ ವಿಶೇಷ ಕೋಶವಿಭಜನೆ ನಡೆಯುತ್ತದೆ. ಆಗ ಜೋಡಿಗಳು ಅಕ್ಕಪಕ್ಕ ಕೂಡಿ ತಮ್ಮ ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಅನಂತರ ಬೇರ್ಪಟ್ಟು, ಪ್ರತಿ ಜೋಡಿಯಿಂದ ಒಂದೊಂದು ಮಾತ್ರ ಪರಾಗವನ್ನು ಸೇರುತ್ತದೆ. ಯಾವುದು ಸೇರೀತು ಎಂಬುದು ಚೀಟಿ ಎತ್ತಿದಂತೆ. ಎರಡು ತಳಿಗಳನ್ನು ಸಂಕರಿಸಿದ ಗಿಡದಲ್ಲಿ, ತುಂಡುಗಳ ಅದಲುಬದಲನ್ನು ಲೆಕ್ಕಕ್ಕೆ ಹಿಡಿಯದಿದ್ದರೂ, 2,62,144 ಬಗೆಯ ಪರಾಗ ಸಾಧ್ಯ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಸಂಕರಿಸಿ, ಮುಂದಿನ ಪೀಳಿಗೆಗಳಲ್ಲಿ ಉತ್ತಮವಾದವನ್ನು ಆರಿಸಿ ಇಂಡಾಫ್ ತಳಿಗಳನ್ನು ಪಡೆದದ್ದು ಈ ವೈವಿಧ್ಯದ ಬಲದಿಂದಲೇ.

ರಸಬಾಳೆಗೆ ಈ ಭಾಗ್ಯವಿಲ್ಲ. ಅದರಲ್ಲಿ 11ರಂತೆ ಮೂರು ತಂಡ, ಒಟ್ಟು 33 ವರ್ಣತಂತುಗಳಿವೆ. ಮೂರನ್ನು ಎರಡು ಸಮಪಾಲು ಮಾಡುವುದು ಹೇಗೆ? ಮಿಯಾಸಿಸ್ ಕೆಡುತ್ತದೆ, ಬೀಜ ಕಟ್ಟುವುದಿಲ್ಲ. ತಿನ್ನುವವರಿಗೆ ಅದು ಹಿತವೇ. ಆದರೆ ಕಂದಿನಿಂದ ಬಂದ ಗಿಡ ತಾಯಿಯ ಪಡಿಯಚ್ಚು. ಒಂದಕ್ಕಿಲ್ಲದ ರೋಗನಿರೋಧಕ ಶಕ್ತಿ ಯಾವುದಕ್ಕೂ ಇಲ್ಲ. ರೋಗದ ಶಿಲೀಂಧ್ರವೋ ಮಣ್ಣಿನಲ್ಲಿ ಹಲವಾರು ವರ್ಷ ಬದುಕಿರುತ್ತದೆ. ಮಧ್ಯ ಅಮೆರಿಕದ ರಫ್ತು ತೋಟಗಳಲ್ಲಿದ್ದ ಗ್ರಾಸ್ ಮಿಷೆಲ್ ಬಾಳೆಯೂ ಇದೇ ಪನಾಮ ಸೊರಗು ರೋಗದಿಂದ 1960ರ ದಶಕದ ಹೊತ್ತಿಗೆ ಮರೆಯಾಯಿತು.

ಅಂಗಾಂಶ ಕೃಷಿಯ ಸಸಿ ತಂದರೆ ಸಾಕೆಂದು ಹಲವರು ನಂಬಿದ್ದಾರೆ. ಅದು ರೋಗರಹಿತ ಸಸಿಯೇ ಹೊರತು ರೋಗನಿರೋಧಕ ಸಸಿಯಲ್ಲ, ಅದೂ ಪಡಿಯಚ್ಚೇ. ನನ್ನ ಅಭಿಪ್ರಾಯದಲ್ಲಿ, ಸಸಿ ಹಂಚುವುದಕ್ಕೆ ಕೊಡುವಷ್ಟೇ ಗಮನವನ್ನು ಬೀಜವುಳ್ಳ ಕಾಡುಬಾಳೆಗಳನ್ನು ಬಳಸಿ ತಳಿ ಅಭಿವೃದ್ಧಿ ಮಾಡುವುದಕ್ಕೂ ಕೊಡಬೇಕು. ಈ ಕೆಲಸಕ್ಕೆ ವರ್ಷಗಳೇ ಹಿಡಿಯುತ್ತವೆ, ಆದ್ದರಿಂದಲೇ ತಡಮಾಡಬಾರದು.

ಅಲ್ಲಿಯವರೆಗೆ ನೀವು ಮಾಡಬೇಕಾದದ್ದಿಷ್ಟು. ರೋಗ ಬಂದ ತೋಟದ ಕಂದನ್ನು ತರಬೇಡಿ. ಸೊರಗು ಕಂಡ ಜಮೀನಿನಲ್ಲಿ ರಸಬಾಳೆಯನ್ನು ಮತ್ತೆ ನೆಡಬೇಡಿ. ಇಡೀ ಹಿಡುವಳಿಗೆ ಒಂದೇ ತಳಿಯನ್ನು ನಂಬಬೇಡಿ. ಎಲ್ಲ ಗಿಡಗಳೂ ಸೊರಗಿದ ತೋಟದಲ್ಲಿ ಒಂದು ಮಾತ್ರ ಗಟ್ಟಿಯಾಗಿ ನಿಂತಿದ್ದರೆ ಅದನ್ನು ಕಡಿಯಬೇಡಿ, ವಿಜ್ಞಾನಿಗಳಿಗೆ ತೋರಿಸಿ. ಕಂದಿನಲ್ಲಿಯೂ ಅಪರೂಪಕ್ಕೊಮ್ಮೆ ತಾನಾಗಿ ಮಾರ್ಪಾಡು ಆಗುವುದುಂಟು. ಅದನ್ನು ಮೊದಲು ಕಾಣಬಲ್ಲವರು ದಿನವೂ ತೋಟದಲ್ಲಿ ನಡೆಯುವ ನೀವೇ.