ಗಾಳಿಗೆ ಮುಖ ಬರೆಯಬೇಡಿ

ಗಾಳಿಯನ್ನು ಕುರಿತ ಜನಪದ ನಂಬಿಕೆಗಳಿಂದ ಮಕ್ಕಳಿಗೊಂದು ಚಿತ್ರಪುಸ್ತಕ ಮಾಡಬೇಕೆಂದು ಹೊರಟಿರುವ ಶಿಕ್ಷಕ ಮಿತ್ರರೊಬ್ಬರು ಮೊನ್ನೆ ಮೊದಲ ಹಾಳೆಯನ್ನು ತಂದು ತೋರಿಸಿದರು. ಮೋಡಗಳ ನಡುವೆ ಕೆನ್ನೆಯುಬ್ಬಿಸಿ ಊದುತ್ತಿರುವ ಒಬ್ಬ ಮುದುಕನ ಮುಖ! ಬಣ್ಣಗಾರಿಕೆ ಚೆನ್ನಾಗಿಯೇ ಇತ್ತು. ಆದರೆ ಆ ಮುದುಕ ನಮ್ಮವನಲ್ಲ. ಯೂರೋಪಿನ ಹಳೆಯ ಭೂಪಟಗಳ ಅಂಚಿನಿಂದ ಎದ್ದು ಬಂದವನು.

ನಮ್ಮ ಪುರಾಣಗಳ ವಾಯುವಿಗೆ ಜಿಂಕೆಯ ವಾಹನವುಂಟು, ಕೈಯಲ್ಲಿ ಧ್ವಜವುಂಟು, ನಿಜ. ಆದರೆ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಹಳ್ಳಿಗಳಲ್ಲಿ ಸುತ್ತಾಡಿದರೆ ವಾಯುಪುತ್ರ ಹನುಮಂತನ ಗುಡಿಗಳು ಎಷ್ಟೋ ಸಿಗುತ್ತವೆ. ತಂದೆಗೆ ಗುಡಿ ಕಾಣುವುದು ಅಪರೂಪ. ಒಕ್ಕಲುಮಕ್ಕಳು ಗಾಳಿಯನ್ನು ಅದು ಮಾಡುವ ಕೆಲಸದಿಂದ ಬಲ್ಲರು.

ಕಣದ ಗಾಳಿಯನ್ನೇ ನೋಡಿ. ರಾಗಿಯ ತೆನೆಯನ್ನು ತುಳಿಸಿ ಹುಲ್ಲು ತೆಗೆದ ಮೇಲೆ ಉಳಿದದ್ದೆಲ್ಲ ಗಾಳಿಯ ಕೃಪೆ. ಮೊರವನ್ನು ತಲೆಯ ಮಟ್ಟಕ್ಕೆತ್ತಿ ನಿಂತವರ ಕಣ್ಣು ಮರದ ಎಲೆಗಳ ಮೇಲಿರುತ್ತದೆ. ಗಾಳಿ ಬಿದ್ದರೆ ಕೈ ನಿಂತಿತು. ಎದ್ದರೆ, ಅದು ಅಪರಾತ್ರಿಯಾದರೂ ಸರಿಯೆ, ತೂರಲೇಬೇಕು. ಕಾಳು ಕಾಲ ಬುಡಕ್ಕೆ, ಹೊಟ್ಟು ಆಚೆಗೆ. ಈ ನೋಟವನ್ನು ಎದುರುಬದುರಿನ ಎರಡು ಪುಟಗಳಿಗೆ ಹರಡಿದರೆ, ಗಾಳಿಗೆಂದು ಒಂದು ಗೆರೆಯನ್ನೂ ಎಳೆಯದೆ ಗಾಳಿಯನ್ನು ತೋರಿಸಿದಂತಾಗುತ್ತದೆ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಈಗ ರಾಗಿಯನ್ನು ಡಾಂಬರು ರಸ್ತೆಯ ಮೇಲೆ ಹಾಸಿ ಬಸ್ಸು ಲಾರಿಗಳಿಂದ ತುಳಿಸುತ್ತಾರೆ, ಇಲ್ಲವೆ ಯಂತ್ರಕ್ಕೆ ಕೊಡುತ್ತಾರೆ. ಹುಣಸೂರು, ಪಿರಿಯಾಪಟ್ಟಣಗಳ ಹೊಲಗಳಲ್ಲಿ ಹೊಗೆಸೊಪ್ಪು ಹಬ್ಬಿದೆ. ಬ್ಯಾರನ್ನಿನ ಬಿಸಿಯಲ್ಲಿ ಹದವಾಗುವ ಆ ಎಲೆಗೆ ಕಣವೂ ಬೇಡ, ತೂರುವ ಗಾಳಿಯೂ ಬೇಡ. ‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆಯನ್ನು ನಮ್ಮ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ವಿಸ್ತರಿಸಿ ಅಂಕ ಗಳಿಸುತ್ತಾರೆ. ತೂರುವುದನ್ನು ಕಣ್ಣಾರೆ ಕಂಡವರು ಅವರಲ್ಲಿ ಎಷ್ಟು ಮಂದಿ?

ಮಿತ್ರರು ಬೇಕೆಂದೇ ಕೈಬಿಟ್ಟ ಇನ್ನೊಂದು ಗಾಳಿಯುಂಟು: ‘ಗಾಳಿ ಸೋಕಿತು’ ಎನ್ನುವಾಗಿನ ಗಾಳಿ. ಉಸಿರಾಡುವ ಗಾಳಿಗೂ ಮೈಮೇಲೆ ಬರುವ ದೆವ್ವಕ್ಕೂ ನಮ್ಮ ನುಡಿಯಲ್ಲಿ ಒಂದೇ ಹೆಸರು. ಮಕ್ಕಳಿಗೆ ಮೂಢನಂಬಿಕೆಯೇಕೆ ಎಂಬುದು ಅವರ ಆಕ್ಷೇಪ. ತಾಯಿತ, ಮಂತ್ರವಾದಿಗಳನ್ನು ಮೆರೆಸಬೇಕೆಂದು ನಾನೂ ಹೇಳಲಾರೆ. ಜ್ವರ ಬಂದ ಮಗುವನ್ನು ವೈದ್ಯರಲ್ಲಿಗೇ ಒಯ್ಯಲಿ. ಆದರೆ ತರಗೆಲೆಗಳನ್ನು ಸುತ್ತಿಕೊಂಡು ಸುಂಟರಗಾಳಿ ಹೊಲದ ನಡುವೆ ಕುಣಿದು ಬರುವಾಗ, ಅದರೊಳಗೆ ಯಾರೋ ಇದ್ದಾರೆಂದು ದಾರಿ ಬಿಟ್ಟು ನಿಂತ ಮಗುವಿನ ಬೆರಗನ್ನು ಬಿಟ್ಟರೆ ಪುಸ್ತಕದಲ್ಲಿ ಕಥೆ ಎಲ್ಲಿಂದ ಬರಬೇಕು? ಬೆಟ್ಟದಪುರದ ಬೆಟ್ಟದ ಮೇಲೆ ನೆಲೆಸಿರುವಾತ ಸಿಡಿಲು ಮಲ್ಲಿಕಾರ್ಜುನ. ಸಿಡಿಲನ್ನೇ ದೇವರ ಹೆಸರಿನೊಡನೆ ಕೂಡಿಸಿಕೊಂಡ ಸೀಮೆಯಿದು. ಇಲ್ಲಿಯ ಮಕ್ಕಳಿಗೆ ಭಯವನ್ನೆಲ್ಲ ಸೋಸಿ ತೆಗೆದ ಗಾಳಿಯನ್ನು ಕೊಡುವುದು ಅನ್ಯಾಯ.

ಚಿತ್ರ ಬರೆಯುವವರು ಮೊದಲು ಮೊರದ ಹೆಣಿಗೆಯನ್ನು ಕಂಡು ಬರಲಿ. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯವನ್ನು 1968ರಲ್ಲಿ ಕಟ್ಟಿದವರಲ್ಲಿ ಪಿ.ಆರ್. ತಿಪ್ಪೇಸ್ವಾಮಿಯವರೂ ಒಬ್ಬರು, ಅವರು ಸ್ವತಃ ಚಿತ್ರಕಾರರಾಗಿದ್ದರೆಂಬುದನ್ನು ಮರೆಯಬಾರದು.

ಮಿತ್ರರು ಹಾಳೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಿದ್ದಾರೆ. ಕೋಟೆಯ ಕಡೆಯ ಹಳ್ಳಿಯೊಂದರಲ್ಲಿ ಇನ್ನೂ ಮೊರ ಹಿಡಿದು ತೂರುವ ಅಜ್ಜಿಯೊಬ್ಬರಿದ್ದಾರಂತೆ. ಬರುವ ಸುಗ್ಗಿಗೆ ಚಿತ್ರಕಾರರನ್ನು ಅಲ್ಲಿಗೆ ಕರೆದೊಯ್ಯುವುದೆಂದು ಮಾತಾಗಿದೆ.