ಲಾರಿಯೇರಿದ ಕಾರಿಗೆ ಹಾನಿ: ನಷ್ಟ ತುಂಬಿಕೊಡುವವರು ಯಾರು?

ಬೆಂಗಳೂರು: ವರ್ಗಾವಣೆ ಆದೇಶ ಕೈಸೇರಿದೊಡನೆ ಮನೆಸಾಮಾನಿನ ಜತೆಗೆ ಕಾರನ್ನೂ ಲಾರಿಯಲ್ಲಿ ಸಾಗಿಸುವುದು ನಗರವಾಸಿಗಳಿಗೆ ಇಂದು ಸಾಮಾನ್ಯ ಸಂಗತಿ. ದೆಹಲಿಗೋ ಪುಣೆಗೋ ಹೊರಟ ಕಾರು ಬಂಪರ್ ಸೀಳಿಕೊಂಡು, ಬಾಗಿಲು ನುಗ್ಗಾಗಿ ಇಳಿದಾಗ ಮಾತ್ರ ಮಾಲೀಕರಿಗೆ ಕಾಗದಪತ್ರಗಳ ನೆನಪಾಗುತ್ತದೆ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಸ್ಥಿತಿ ಇದು. ಪರಿಹಾರ ಎಷ್ಟು ದೊರೆಯುತ್ತದೆ ಎಂಬುದು ಬಹುಮಟ್ಟಿಗೆ ತೀರ್ಮಾನವಾಗುವುದು ಎರಡು ಸಹಿಗಳಿಂದ: ಒಂದು ಕಾರು ಲಾರಿ ಏರುವಾಗ, ಇನ್ನೊಂದು ಇಳಿಯುವಾಗ.

ಬಾಡಿಗೆಯ ಹತ್ತು ಪಟ್ಟು ಮಾತ್ರ

1865ರ ಬ್ರಿಟಿಷ್ ಕಾಲದ ಕಾನೂನಿನ ಬದಲಿಗೆ ಬಂದ ರಸ್ತೆ ಮೂಲಕ ಸರಕು ಸಾಗಣೆ ಕಾಯ್ದೆ, 2007, ಜಾರಿಯಾದದ್ದು 2011ರ ಮಾರ್ಚ್ 1ರಂದು. ಸಾಗಣೆದಾರರ ನೋಂದಣಿಯನ್ನು ಈ ಕಾಯ್ದೆ ಕಡ್ಡಾಯಗೊಳಿಸಿದೆ. ಹಾನಿಗೆ ಸಾಗಣೆದಾರರ ನಿರ್ಲಕ್ಷ್ಯವೇ ಕಾರಣವೆಂದು ಮಾಲೀಕರು ರುಜುವಾತುಪಡಿಸಬೇಕಿಲ್ಲ ಎಂಬುದು ಇದರಲ್ಲಿರುವ ದೊಡ್ಡ ರಕ್ಷಣೆ.

ಆದರೆ ಇದೇ ಕಾನೂನಿನ ನಿಯಮಗಳು ಸಾಗಣೆದಾರರ ಹೊಣೆಯನ್ನು ಬಾಡಿಗೆಯ ಹತ್ತು ಪಟ್ಟಿಗೆ ಮಿತಿಗೊಳಿಸಿವೆ. ಉದಾಹರಣೆಗೆ, 15 ಸಾವಿರ ರೂಪಾಯಿ ಬಾಡಿಗೆಗೆ ಹೊರಟ 8 ಲಕ್ಷದ ಕಾರು ದಾರಿಯಲ್ಲಿ ಸುಟ್ಟುಹೋದರೂ ಸಾಗಣೆದಾರರ ಹೊಣೆ ಒಂದೂವರೆ ಲಕ್ಷ ಮಾತ್ರ. ರವಾನೆ ಪತ್ರದಲ್ಲಿ ಕಾರಿನ ಮೌಲ್ಯ ಒಂದು ಲಕ್ಷವೆಂದು ಬರೆದಿದ್ದರೆ ಪರಿಹಾರ ಅದನ್ನೂ ದಾಟುವಂತಿಲ್ಲ. ಹೆಚ್ಚಿನ ಹೊಣೆ ಬೇಕಿದ್ದವರು ಮೊದಲೇ ಹೆಚ್ಚಿನ ದರ ತೆತ್ತು, ಅದನ್ನು ಲಿಖಿತವಾಗಿ ಒಪ್ಪಿಸಿಕೊಳ್ಳಬೇಕು. ಒಂದೇ ಸರಕು ಲಕ್ಷಾಂತರ ಬೆಲೆ ಬಾಳುವಾಗ ಈ ಲೆಕ್ಕ ಗ್ರಾಹಕರಿಗೆ ದುಬಾರಿಯಾಗಿ ಪರಿಣಮಿಸುತ್ತದೆ.

'ರಿಸ್ಕ್ ಕವರ್' ವಿಮೆಯೇ?

ಈ ಕೊರತೆ ತುಂಬಬೇಕಾದದ್ದು ವಿಮೆ. ಗೊಂದಲ ಆರಂಭವಾಗುವುದೂ ಇಲ್ಲಿಯೇ. ವಿಮೆಯ ಹೆಸರಿನಲ್ಲಿ ಹಣ ಪಡೆದು, ಸಾಗಣೆ ಸಂಸ್ಥೆಯ ಮೊಹರಷ್ಟೇ ಇರುವ 'ರಿಸ್ಕ್ ಕವರ್' ಚೀಟಿ ನೀಡಿದರೆ ಅದು ವಿಮೆಯಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರದಲ್ಲಿ ನೋಂದಾಯಿತ ಕಂಪನಿ ಮಾತ್ರ ಪಾಲಿಸಿ ನೀಡಬಲ್ಲದು. ಪಾಲಿಸಿ ಸಂಖ್ಯೆ, ಕಾರಿನ ನೋಂದಣಿ ಸಂಖ್ಯೆ ಹಾಗೂ ವಿಮಾ ಮೊತ್ತವನ್ನು ಆ ಕಂಪನಿಯಲ್ಲಿಯೇ ವಿಚಾರಿಸಿ ಖಚಿತಪಡಿಸಿಕೊಳ್ಳುವುದು ಕ್ಷೇಮ. ಷರತ್ತುಗಳನ್ನೂ ಗಮನಿಸಬೇಕು. ಬೆಂಕಿ, ಡಿಕ್ಕಿ, ಲಾರಿ ಮಗುಚುವಿಕೆಗೆ ಸೀಮಿತವಾದ ಪಾಲಿಸಿಯಲ್ಲಿ, ಕಾರನ್ನು ಏರಿಸುವಾಗ ಬಿದ್ದ ಗೀರಿಗೆ ಪರಿಹಾರವಿಲ್ಲ.

ಕಾರಿನ ಸಮಗ್ರ ಮೋಟಾರು ಪಾಲಿಸಿಯೇ ರಸ್ತೆ, ರೈಲು ಸಾಗಣೆಯ ವೇಳೆ ಆಗುವ ಹಾನಿಯನ್ನು ಒಳಗೊಂಡಿರುತ್ತದೆ ಎಂಬುದು ಅನೇಕರಿಗೆ ತಿಳಿಯದ ಸಂಗತಿ. ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದವರಿಗೆ ಈ ಸೌಲಭ್ಯವಿಲ್ಲ. ಆದರೆ ಇದಕ್ಕೂ ಬೆಲೆಯುಂಟು. ಒಮ್ಮೆ ಕ್ಲೇಮ್ ಮಾಡಿದರೆ ಶೇ. 20ರಿಂದ 50ರವರೆಗಿನ ನೋ ಕ್ಲೇಮ್ ಬೋನಸ್ ಕೈತಪ್ಪಬಹುದು. ಸವಕಳಿ ಲೆಕ್ಕದಲ್ಲಿ ಬಂಪರ್‌ನಂಥ ಪ್ಲಾಸ್ಟಿಕ್ ಭಾಗಗಳ ಬೆಲೆಯ ಅರ್ಧದಷ್ಟನ್ನು ಮಾಲೀಕರೇ ಭರಿಸಬೇಕು. 'ಜೀರೋ ಡೆಪ್ರಿಸಿಯೇಶನ್' ಇದ್ದವರಿಗೆ ಇದರಿಂದ ವಿನಾಯಿತಿ. ಸಣ್ಣಪುಟ್ಟ ಹಾನಿಯಾದರೆ ಸಾಗಣೆದಾರರಿಂದಲೇ ವಸೂಲಿಗೆ ಯತ್ನಿಸುವುದು ಲೇಸು.

180 ದಿನಗಳ ಗಡುವು

ಕಾರು ಇಳಿಯುವ ವೇಳೆ ನಡೆಯುವ ಅವಸರವೇ ಮುಂದೆ ಮುಳುವಾಗುತ್ತದೆ. 'ಸುಸ್ಥಿತಿಯಲ್ಲಿ ಸ್ವೀಕರಿಸಲಾಗಿದೆ' ಎಂದಿರುವ ಕಾಗದಕ್ಕೆ ಸಹಿ ಹಾಕಿ, ಮರುದಿನ ಗೀರು ತೋರಿಸಿದರೆ ಕೇಳುವವರು ವಿರಳ. ಲಾರಿ ಏರಿಸುವ ಮುನ್ನ ತೆಗೆದ ದಿನಾಂಕಸಹಿತ ಫೋಟೋಗಳು, ಓಡೋಮೀಟರ್ ಅಂಕಿ, ಇಳಿದಾಗ ಚಾಲಕನ ಎದುರಿನಲ್ಲೇ ಲಾರಿ ರಸೀದಿಯ ಮೇಲೆ ಬರೆದ ಹಾನಿಯ ವಿವರ, ಇವೇ ಮುಂದಿನ ಸಾಕ್ಷ್ಯ. ವಿಮಾ ಸರ್ವೇಯರ್ ಪರಿಶೀಲಿಸುವವರೆಗೆ ದುರಸ್ತಿಗೆ ಕೈಹಾಕಬಾರದು.

ನ್ಯಾಯಾಲಯದ ಮೆಟ್ಟಿಲೇರುವ ಮುನ್ನ ಸಾಗಣೆದಾರರಿಗೆ ಲಿಖಿತ ನೋಟಿಸ್ ತಲುಪಿರಲೇಬೇಕು. ಇದಕ್ಕಿರುವ 180 ದಿನಗಳ ಗಡುವು ಲೆಕ್ಕಕ್ಕೆ ಬರುವುದು ಕಾರು ತಲುಪಿದ ದಿನದಿಂದಲ್ಲ, ಬುಕಿಂಗ್ ಮಾಡಿದ ದಿನದಿಂದ. 'ನೋಡೋಣ, ಮಾಡಿಸಿಕೊಡೋಣ' ಎಂಬ ದೂರವಾಣಿ ಭರವಸೆಗಳಲ್ಲಿ ಈ ಅವಧಿ ಕಳೆದುಹೋದರೆ ಹಕ್ಕೇ ಕುಸಿಯುತ್ತದೆ. ವಿಮಾ ಕಂಪನಿಯು ತಾನು ತೆತ್ತ ಹಣವನ್ನು ಮಾಲೀಕರ ಸ್ಥಾನದಲ್ಲಿ ನಿಂತು ಸಾಗಣೆದಾರರಿಂದ ವಸೂಲು ಮಾಡಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2010ರಲ್ಲಿ ಎತ್ತಿಹಿಡಿದಿದೆ. ಆದ್ದರಿಂದ ವಿಮೆ ಇದ್ದವರೂ ನೋಟಿಸ್ ನೀಡುವುದನ್ನು ಕಡೆಗಣಿಸುವಂತಿಲ್ಲ.

ದೂರು ಎಲ್ಲಿ?

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರರು ತಾವು ವಾಸಿಸುವ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಸಲ್ಲಿಸಬಹುದು. ಸಾಗಣೆ ಕಚೇರಿ ಬೆಂಗಳೂರಿನಲ್ಲಿದೆಯೆಂದು ಪುಣೆಯಿಂದ ಓಡಿಬರಬೇಕಿಲ್ಲ. ಕಾಲಮಿತಿ ಎರಡು ವರ್ಷ. ವಿಮಾ ಕಂಪನಿ ಕ್ಲೇಮ್ ತಿರಸ್ಕರಿಸಿದರೆ ವಿಮಾ ಓಂಬುಡ್ಸ್‌ಮನ್ ಬಳಿ ವರ್ಷದೊಳಗೆ ಶುಲ್ಕವಿಲ್ಲದೆ ಮೊರೆಯಿಡಬಹುದು.

ಹೀಗೆ ದಾರಿಗಳೇನೋ ಇವೆ. ಆದರೆ ಹತ್ತು ಪಟ್ಟಿನ ಮಿತಿಯನ್ನು ಬುಕಿಂಗ್ ವೇಳೆ ಗ್ರಾಹಕರಿಗೆ ತಿಳಿಸಿ ಹೇಳುವ ಪರಿಪಾಠ ಬೆಳೆಯದಿದ್ದರೆ, ಬಾಡಿಗೆಯಲ್ಲಿ ಸಾವಿರ ರೂಪಾಯಿ ಉಳಿಸಲು ಚೌಕಾಸಿ ಮಾಡಿದವರು ಕಾರಿನ ಮೌಲ್ಯವನ್ನೇ ಕಳೆದುಕೊಳ್ಳುವ ಅಪಾಯ ತಪ್ಪಿದ್ದಲ್ಲ.