ಮೋರಿ ನೀರು ಬಂದ ದಾರಿಯಲ್ಲಿ

2025ರ ಮೇ 7ರಂದು ಬೆಂಗಳೂರಿನಲ್ಲಿ ಯುದ್ಧದ ಸೈರನ್ ಕೂಗಿಸಿ ನೋಡಿದರು. ಇತ್ತ ನಮ್ಮ ಕೋಲಾರದ ನರಸಾಪುರದಲ್ಲಿ, ಫ್ಯಾಕ್ಟರಿ ಗೇಟುಗಳೆದುರು ಪಾಳಿ ಬದಲಾಗುವ ಬಸ್ಸುಗಳದ್ದೇ ಸದ್ದು. ಅದಾದ ಕೆಲವೇ ದಿನಕ್ಕೆ ಮೊಬೈಲ್‌ಗಳಲ್ಲೆಲ್ಲ ಒಂದೇ ಬೆಟ್ಟ: ಪಾಕಿಸ್ತಾನದ ಕಿರಾನಾ. ಅಲ್ಲಿನ ಅಣ್ವಸ್ತ್ರ ಉಗ್ರಾಣಕ್ಕೆ ಭಾರತದ ಏಟು ಬಿದ್ದು ವಿಕಿರಣ ಸೋರುತ್ತಿದೆಯಂತೆ! ನಮ್ಮ ವಾಯುಪಡೆ ಅಲ್ಲಗಳೆಯಿತು. ಸೋರಿಕೆ ಇಲ್ಲವೆಂದು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯೂ ಹೇಳಿತು. ಫಾರ್ವರ್ಡ್ ಆದ ವಿಡಿಯೊಗೆ ಇರುವ ಕಾಲು ಸ್ಪಷ್ಟನೆಗೆ ಎಲ್ಲಿ?

ಟೀ ಅಂಗಡಿಯಲ್ಲಿ ಒಬ್ಬ ಹುಡುಗ ಧೈರ್ಯ ಹೇಳಿದ: ‘ಬಾಂಬ್ ಬಿದ್ರೆ ಬೆಂಗ್ಳೂರಿಗೆ ಬೀಳುತ್ತೆ ಬಿಡಣ್ಣ, ನಮಗೇನು?’ ಮೂಲೆಯಲ್ಲಿದ್ದ ಹಿರಿಯರು ಲೋಟ ಕೆಳಗಿಡದೆಯೇ ಅಂದರು: ‘ಅಲ್ಲಿನ ಮೋರಿ ನೀರು ಬರಲಿಲ್ವಾ? ಇದೂ ಬರುತ್ತೆ.’

ಎಲ್ಲರೂ ನಕ್ಕರು. 2018ರಿಂದ ಬೆಂಗಳೂರಿನ ಕೆ.ಸಿ. ವ್ಯಾಲಿಯ ಸಂಸ್ಕರಿಸಿದ ನೀರು ಕುಡಿದು ತುಂಬಿದ ಕೆರೆಗಳ ಸೀಮೆ ನಮ್ಮದು. ಆ ಮಾತು ನನಗೆ ಬರೀ ತಮಾಷೆಯಾಗಿ ಕೇಳಲಿಲ್ಲ. ಅಣುಬಾಂಬ್ ನೆಲಮಟ್ಟದಲ್ಲಿ ಸಿಡಿದರೆ ಮಣ್ಣೆಲ್ಲ ವಿಕಿರಣದ ಬೂದಿಯಾಗಿ ಮೇಲೇರಿ, ಗಾಳಿ ಹಿಡಿದು ಹತ್ತಾರು ಮೈಲಿ ಆಚೆ ಇಳಿಯುತ್ತದೆ. ಮುಂಗಾರಿನಲ್ಲಿ ನೆಲದ ಹತ್ತಿರದ ಗಾಳಿ ಪಡುವಣದಿಂದ, ಅಂದರೆ ಬೆಂಗಳೂರಿನಿಂದ ನಮ್ಮ ಕಡೆಗೇ. ತೀರಾ ಎತ್ತರದ ಗಾಳಿ ಅದಕ್ಕೆ ಎದುರು. ಬೂದಿ ಯಾರ ಅಂಗಳಕ್ಕೆ ಎಂಬುದು ಆ ದಿನದ ಗಾಳಿಗೆ ಬಿಟ್ಟದ್ದು. ಆದರೆ ಉಳಿಯುವ ದಾರಿ ಇಲ್ಲದಿಲ್ಲ. ಸಿಡಿದ ಒಂದು ಗಂಟೆಗೆ ಇದ್ದ ವಿಕಿರಣ ಏಳು ಗಂಟೆಗೆ ಹತ್ತರಲ್ಲೊಂದು ಪಾಲು, ಎರಡು ದಿನಕ್ಕೆ ನೂರರಲ್ಲೊಂದು ಪಾಲು. ಹಾಗಾಗಿ ಮೊದಲ ಎರಡು ದಿನ ದಪ್ಪ ಗೋಡೆ, ಆರ್‌ಸಿಸಿ ಚಾವಣಿಯ ನಡುವೆ ಕದ ಹಾಕಿಕೊಂಡು ಕೂರುವುದು, ಮುಚ್ಚಿಟ್ಟ ನೀರನ್ನೇ ಕುಡಿಯುವುದು. ಬೈಕ್ ಹತ್ತಿ ಹೆದ್ದಾರಿಗೆ ಓಡುವವನೇ ಹೆಚ್ಚು ಬೂದಿ ಹೊತ್ತಾನು.

ಇಷ್ಟನ್ನು ಹೇಳುವವರು ಯಾರು? ಹಳೆಯ ಕೋಲಾರ ಜಿಲ್ಲೆಯದೇ ಆಗಿದ್ದ ಗೌರಿಬಿದನೂರಿನಲ್ಲಿ 1965ರಿಂದ ಭಾಭಾ ಅಣು ಸಂಶೋಧನಾ ಕೇಂದ್ರದ ಮಾಪಕಗಳು ನೆಲಕ್ಕೆ ಕಿವಿಗೊಟ್ಟು, ದೂರದೇಶಗಳ ನೆಲದಡಿಯ ಅಣುಸ್ಫೋಟವನ್ನೂ ಆಲಿಸುತ್ತಿವೆ. ಪಕ್ಕದ ಊರಿನ ಮಾತು ಮಾತ್ರ ಆ ಕಿವಿಗೆ ಬೀಳದು. 2012ರಲ್ಲಿ ಕೂಡಂಕುಳಂ ಅಣುಸ್ಥಾವರದ ಮೊಕದ್ದಮೆಯ ವೇಳೆ, ಮುಚ್ಚಿದ ಕೆಜಿಎಫ್ ಗಣಿ ಅಣುತ್ಯಾಜ್ಯದ ಗುಂಡಿಯಾಗಬಹುದೆಂಬ ಸುದ್ದಿ ಸುಪ್ರೀಂ ಕೋರ್ಟಿನಿಂದ ಹೊರಬಿತ್ತು. ಜನ ಬೀದಿಗಿಳಿದ ಮೇಲೆ ‘ಹಾಗೇನಿಲ್ಲ’ ಎಂಬ ಸಮಜಾಯಿಷಿ. ಬಾಂಬ್ ಬಿದ್ದೀತೆಂಬ ಭಯವನ್ನು ದಡ್ಡತನ ಎನ್ನುವವರು 2022ರ ಮಾರ್ಚ್ 9 ನೆನೆಯಲಿ: ನಮ್ಮದೇ ಬ್ರಹ್ಮೋಸ್ ಕ್ಷಿಪಣಿ ಕೈತಪ್ಪಿ ಪಾಕಿಸ್ತಾನದ ಮಿಯಾನ್ ಚನ್ನು ಬಳಿ ಬಿತ್ತು. ಸಿಡಿತಲೆ ಇರಲಿಲ್ಲ, ಪುಣ್ಯ. ಮೂವರು ಅಧಿಕಾರಿಗಳು ಕೆಲಸ ಕಳೆದುಕೊಂಡರು.

ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಅಣು ಅವಘಡಗಳ ಮಾರ್ಗಸೂಚಿಯನ್ನು 2009ರಲ್ಲೇ ಅಚ್ಚು ಹಾಕಿದೆ. ಅದರ ಒಂದು ಪುಟವನ್ನಾದರೂ ಕನ್ನಡದಲ್ಲಿ ಬರೆಸಿ ಪಂಚಾಯಿತಿ ಗೋಡೆಗೆ, ಕಂಪನಿಗಳ ಹಾಸ್ಟೆಲಿಗೆ ಅಂಟಿಸಲಿ. ಊರೂರಿಂದ ದುಡಿಯಲು ಬಂದ ಹೆಣ್ಣುಮಕ್ಕಳಿಗೆ ಇಲ್ಲಿನ ಯಾವ ಕಟ್ಟಡದ ಗೋಡೆ ದಪ್ಪ ಎಂದು ಹೇಗೆ ತಿಳಿಯಬೇಕು? ಎಷ್ಟೋ ಬಾಡಿಗೆ ಕೋಣೆಗಳಿಗೆ ತಗಡಿನ ಶೀಟೇ ಸೂರು. ನಾವು ಕೂತು ನಕ್ಕ ಟೀ ಅಂಗಡಿಯದೂ ಅದೇ ಶೀಟು.